ನಾಣ್ಯದ ಮೇಜಿನ ಮುಂದೆ

ನಮ್ಮ ಮಂಗಳೂರಿನ ಪುರಭವನದಲ್ಲಿಯೋ, ಯಾವುದಾದರೊಂದು ಕಾಲೇಜಿನ ಸಭಾಂಗಣದಲ್ಲಿಯೋ ನಾಣ್ಯ ಮತ್ತು ಅಂಚೆಚೀಟಿಗಳ ಪ್ರದರ್ಶನವು ಏರ್ಪಟ್ಟಾಗ, ಒಳಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಗಾಜು ಹೊದಿಸಿದ ಚೌಕಟ್ಟುಗಳ ಸಾಲು. ಸಂಗ್ರಾಹಕರು ವರ್ಷಗಟ್ಟಲೆ ಕಲೆಹಾಕಿ, ಕಾಲಾನುಕ್ರಮವಾಗಿ ಜೋಡಿಸಿ, ಅಚ್ಚುಕಟ್ಟಾದ ಅಕ್ಷರಗಳಲ್ಲಿ ವಿವರಗಳನ್ನು ಬರೆದು ಅಲ್ಲಿ ಇರಿಸಿರುತ್ತಾರೆ. ಅವುಗಳಿಗೆ ಬಹುಮಾನವುಂಟು, ಬೆಲೆಯಿಲ್ಲ. ಆದರೆ ಜನಸಂದಣಿ ಇರುವುದು ಅಲ್ಲಿಯಲ್ಲ. ಎದುರಿನ ಗೋಡೆಯುದ್ದಕ್ಕೂ ಹಾಕಿದ ಮೇಜುಗಳ ಹಿಂದೆ, ಬೆಂಗಳೂರು, ಚೆನ್ನೈ, ಕೋಯಿಕ್ಕೋಡುಗಳಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದ ವ್ಯಾಪಾರಿಗಳು ಆಲ್ಬಂಗಳನ್ನೂ, ರಟ್ಟಿನ ಹೋಲ್ಡರುಗಳಲ್ಲಿಟ್ಟ ನಾಣ್ಯಗಳನ್ನೂ, ‘ಯಾವುದಾದರೂ ತೆಗೆದುಕೊಳ್ಳಿ’ ಎಂದು ರಾಶಿ ಹಾಕಿದ ತಾಮ್ರದ ಕಾಸುಗಳನ್ನೂ ಹರಡಿಕೊಂಡು ಕುಳಿತಿರುವಲ್ಲಿ ಜನರು ಹೆಗಲಿಗೆ ಹೆಗಲು ತಾಗಿಸಿ ನಿಂತಿರುತ್ತಾರೆ. ಅಲ್ಲಿ ಕೇಳಿಬರುವ ಮಾತೆಲ್ಲವೂ ಚೌಕಾಸಿಯ ಮಾತು. ಈ ಚೌಕಾಸಿಯನ್ನು ಕುರಿತು ಕೆಲವು ವಿಚಾರಗಳನ್ನು ಶ್ರೋತೃಗಳ ಮುಂದಿಡಬೇಕೆಂದು ನಾನು ಅಪೇಕ್ಷಿಸುತ್ತೇನೆ.

ವಿದ್ಯಾವಂತರಲ್ಲಿ ಅನೇಕರು ಚೌಕಾಸಿಯನ್ನು ಕೀಳಾದ ಅಭ್ಯಾಸವೆಂದು ಎಣಿಸುವುದುಂಟು. ಇತಿಹಾಸದ ಮೇಲಣ ಪ್ರೀತಿಯಿಂದ ಪ್ರದರ್ಶನಕ್ಕೆ ಬಂದವರು ಐವತ್ತು ರೂಪಾಯಿಗಾಗಿ ಅರ್ಧ ಗಂಟೆ ವಾದಿಸುವುದೆಂದರೇನು ಎಂದು ಅವರು ಬೇಸರಪಡುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ತಿಳಿದ ಇಬ್ಬರು ಒಂದು ಹಳೆಯ ನಾಣ್ಯವನ್ನು ನಡುವೆ ಇಟ್ಟುಕೊಂಡು ನಡೆಸುವ ಚೌಕಾಸಿಯು, ಆ ನಾಣ್ಯವನ್ನು ಕುರಿತು ಇಬ್ಬರ ತಿಳಿವಳಿಕೆಯೂ ಒಂದು ಮಟ್ಟಕ್ಕೆ ಬರುವ ಕ್ರಮ; ಬೆಲೆಯು ಅದರ ಫಲವಾಗಿ ಕಡೆಯಲ್ಲಿ ಬರುವಂಥದು. ದೋಷವು ಚೌಕಾಸಿಯಲ್ಲಿಲ್ಲ. ಇಬ್ಬರಲ್ಲಿ ಒಬ್ಬನಿಗೆ ಏನೂ ತಿಳಿಯದಿದ್ದು, ಮತ್ತೊಬ್ಬನು ತನಗೆ ತಿಳಿದುದನ್ನು ಬೇಕೆಂದೇ ಮುಚ್ಚಿಟ್ಟಾಗ ಮಾತ್ರ ಅಲ್ಲಿ ಅನ್ಯಾಯವು ಪ್ರವೇಶಿಸುತ್ತದೆ.

ಇಂಥ ಮೇಜುಗಳ ಮುಂದೆ ಮತ್ತೆ ಮತ್ತೆ ಕೇಳಿಬರುವ ಸಂಭಾಷಣೆಯ ಒಂದು ಮಾದರಿಯನ್ನು ಹೇಳುತ್ತೇನೆ. ಕೊಳ್ಳುವವರು ನಮ್ಮೂರಿನ ಒಬ್ಬ ನಿವೃತ್ತ ಉಪಾಧ್ಯಾಯರು, ಮಾರುವವನು ಬೆಂಗಳೂರಿನವನು, ನಡುವೆ ಇರುವುದು ಆನೆಯ ಚಿತ್ರವುಳ್ಳ ಒಂದು ತಾಮ್ರದ ಕಾಸು ಎಂದಿಟ್ಟುಕೊಳ್ಳಿ.

“ಈ ಆನೆ ಎಷ್ಟಕ್ಕೆ ಕೊಡ್ತೀರಿ ಮಾರಾಯ್ರೆ?”

“ಒಂಬೈನೂರು ಸಾರ್. ಟಿಪ್ಪು ಕಾಲದ್ದು, ಗ್ಯಾರಂಟಿ ಒರಿಜಿನಲ್.”

“ಒರಿಜಿನಲ್ ಹೌದು, ಅದರಲ್ಲಿ ಸಂಶಯ ಇಲ್ಲ. ಆದರೆ ಹಿಂದಿನ ಬದಿ ನೋಡಿ, ಅಕ್ಷರ ಅರ್ಧ ಹೊರಗೆ ಹೋಗಿದೆ. ಐನೂರು ಕೊಡುವಾ.”

“ಐನೂರಕ್ಕೆ ನನಗೇ ಬಿದ್ದಿಲ್ಲ ಸಾರ್. ಆನೆ ನೋಡಿ, ಸೊಂಡಿಲು, ಬಾಲ ಎಲ್ಲಾ ಪೂರ್ತಿ ಇದೆ. ಬೋಣಿ ಅಂತ ಎಂಟುನೂರು ಮಾಡ್ಕೊಡ್ತೀನಿ.”

“ಪಟ್ಟಣದ್ದು ನನ್ನ ಹತ್ರ ಮೂರುಂಟು. ಚಿತ್ರದುರ್ಗದ್ದು ಆಗಿದ್ರೆ ನೀವು ಹೇಳಿದ್ದನ್ನೇ ಕೊಡ್ತಿದ್ದೆ.”

ಇಲ್ಲಿಗೆ ವ್ಯಾಪಾರಿಯ ಮುಖದ ಭಾವವು ಬದಲಾಗುತ್ತದೆ. ಎದುರಿಗಿರುವವರು ಕಾಸಿನ ಹಿಂಬದಿಯ ಪಾರಸಿ ಅಕ್ಷರಗಳನ್ನು ಓದಬಲ್ಲವರೆಂಬುದು ಅವನಿಗೆ ಗೊತ್ತಾಯಿತು. ಅವನು ಮೇಜಿನ ಕೆಳಗಿನ ಪೆಟ್ಟಿಗೆಯಿಂದ ಮತ್ತೊಂದು ಹೋಲ್ಡರನ್ನು ತೆಗೆದು, “ಹಾಗಾದ್ರೆ ಇದನ್ನು ನೋಡಿ, ಕಿಲುಬು ಹಿಡಿದಿದೆ, ಆದ್ರೆ ದುರ್ಗದ್ದೇ ಇರ್ಬೇಕು” ಎನ್ನುತ್ತಾನೆ. ಉಪಾಧ್ಯಾಯರು ಭೂತಗನ್ನಡಿಯನ್ನು ಹಿಡಿಯುತ್ತಾರೆ. ಅಲ್ಲಿಂದ ಮುಂದೆ ಹತ್ತು ನಿಮಿಷ ರೂಪಾಯಿಯ ಮಾತೇ ಇಲ್ಲ. ಟಂಕಸಾಲೆ, ವರ್ಷ, ಆನೆಯು ಎಡಕ್ಕೆ ಮುಖಮಾಡಿದೆಯೋ ಬಲಕ್ಕೋ ಎಂಬ ಮಾತು. ಕಡೆಗೆ ಎರಡೂ ಸೇರಿ ಯಾವುದೋ ಒಂದು ಮೊತ್ತಕ್ಕೆ ಒಪ್ಪಂದವಾಗುತ್ತದೆ, ಇಬ್ಬರಿಗೂ ಸಮಾಧಾನವಾಗುತ್ತದೆ.

ಟಿಪ್ಪುವಿನ ಕಾಸುಗಳು ಇಂಥ ಪಾಠಕ್ಕೆ ವಿಶೇಷವಾಗಿ ಒದಗುತ್ತವೆ. ಅವನು ತನ್ನ ಅನೇಕ ಊರುಗಳಿಗೆ ಹೊಸ ಹೆಸರುಗಳನ್ನಿಟ್ಟು ಅವನ್ನೇ ನಾಣ್ಯದ ಮೇಲೆ ಮುದ್ರಿಸಿದನು. ಚಿತ್ರದುರ್ಗವು ಫರ್ರುಖ್‌ಯಾಬ್ ಹಿಸಾರ್ ಆಯಿತು, ಶ್ರೀರಂಗಪಟ್ಟಣವು ಬರಿಯ ‘ಪಟ್ಟಣ’ವಾಗಿ ಉಳಿಯಿತು. ತಾಮ್ರದ ಕಾಸುಗಳಿಗೆ ಗ್ರಹನಕ್ಷತ್ರಗಳ ಹೆಸರುಗಳನ್ನು ಕೊಟ್ಟನು. ಪೈಸೆಗೆ ಜೋಹ್ರಾ, ಅಂದರೆ ಶುಕ್ರ. ಅರ್ಧ ಪೈಸೆಗೆ ಬಹ್ರಾಮ್, ಅಂದರೆ ಮಂಗಳ. ಹಿಜರಿ ಶಕವನ್ನು ಬಿಟ್ಟು ಮೌಲೂದಿ ಶಕವನ್ನು ತಂದ ಬಳಿಕ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಆದುದರಿಂದ 1225 ಎಂದಿರುವುದನ್ನು ತಿಳಿಯದವರು 5221 ಎಂದು ಓದುತ್ತಾರೆ. ಈ ವಿಷಯಗಳನ್ನೆಲ್ಲ ಹೆಂಡರ್ಸನ್ ಎಂಬ ವಿದ್ವಾಂಸನು 1921ರಲ್ಲಿ ಮದರಾಸಿನಿಂದ ಪ್ರಕಟವಾದ ತನ್ನ ಗ್ರಂಥದಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದ್ದಾನೆ. ಆ ಗ್ರಂಥವನ್ನು ಓದಿದವನಿಗೂ ಓದದವನಿಗೂ ಒಂದೇ ಮೇಜಿನ ಮೇಲೆ ಒಂದೇ ಕಾಸು ಬೇರೆ ಬೇರೆಯಾಗಿ ಕಾಣುವುದು ಸಹಜ. ಚೌಕಾಸಿಯಿಲ್ಲದೆ ಆ ವ್ಯತ್ಯಾಸವು ಹೊರಬೀಳುವ ದಾರಿಯೇ ಇಲ್ಲ.

ಹಳೆಯ ನಾಣ್ಯಕ್ಕೆ ಅಕ್ಕಿಗಿರುವಂತೆ, ಸಿಮೆಂಟಿಗಿರುವಂತೆ ಪೇಟೆಯ ಧಾರಣೆಯೆಂಬುದು ಏಕಿಲ್ಲ? ಒಂದೇ ಒಂದು ಅಂಶಕ್ಕೆ ಮಾತ್ರ ಲೆಕ್ಕದ ಆಧಾರವುಂಟು, ಅದು ಲೋಹ. 1835ರಿಂದ 1939ರವರೆಗಿನ ಬೆಳ್ಳಿ ರೂಪಾಯಿಯ ತೂಕವು ಒಂದು ತೊಲ, ಈಗಿನ ಲೆಕ್ಕದಲ್ಲಿ 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಅಂದರೆ ಶುದ್ಧ ಬೆಳ್ಳಿಯು ಹತ್ತೂಮುಕ್ಕಾಲು ಗ್ರಾಮಿಗೆ ತುಸು ಕಡಿಮೆ. ಆ ದಿನದ ಬೆಳ್ಳಿಯ ದರದಿಂದ ಗುಣಿಸಿದರೆ, ಅದಕ್ಕಿಂತ ಕೆಳಗೆ ಯಾವ ವ್ಯಾಪಾರಿಯೂ ಇಳಿಯಲಾರನೆಂಬ ತಳದ ಬೆಲೆಯು ದೊರೆಯುತ್ತದೆ. 1940ರಿಂದ ಬಂದ ರೂಪಾಯಿಗಳಲ್ಲಿ ಬೆಳ್ಳಿಯು ಅರ್ಧ ಪಾಲು ಮಾತ್ರ. 1947ರ ಹುಲಿಯ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಇಷ್ಟನ್ನು ತಿಳಿಯದೆ ಎಲ್ಲ ‘ಬೆಳ್ಳಿ ರೂಪಾಯಿ’ಗಳನ್ನೂ ಒಂದೇ ದರಕ್ಕೆ ಕೊಳ್ಳುವವರಿದ್ದಾರೆ, ಮಾರುವವರೂ ಇದ್ದಾರೆ.

ಲೋಹದ ಮೇಲಿನದೆಲ್ಲವೂ ವಾದಕ್ಕೆ ಸೇರಿದ್ದು. ಅದರಲ್ಲಿ ಮುಖ್ಯವಾದುದು ನಾಣ್ಯದ ಸ್ಥಿತಿ, ಮೇಜಿನ ಮಾತಿನಲ್ಲಿ ‘ಕಂಡೀಷನ್’. ಈ ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ಎರಡು ಕಷ್ಟಗಳಿವೆ. ಒಂದು ಹವೆ. ನಾಲ್ಕು ತಿಂಗಳ ಮಳೆಗಾಲದ ತೇವದಲ್ಲಿ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ, ನೋಟಿನ ಮೇಲೆ ಕಂದು ಚುಕ್ಕೆಗಳೇಳುತ್ತವೆ, ಹಿಂಬದಿಯಲ್ಲಿ ಅಂಟುಳ್ಳ ಅಂಚೆಚೀಟಿಯು ತಾನಾಗಿಯೇ ಹಾಳೆಗೆ ಕಚ್ಚಿಕೊಳ್ಳುತ್ತದೆ. ಒಣ ಸೀಮೆಯಿಂದ ಬಂದ ವ್ಯಾಪಾರಿಯು ಮಂಗಳೂರಿನ ಸಂಗ್ರಹವೆಂದ ಕೂಡಲೆ ಮೊದಲು ಹಿಂಬದಿಯನ್ನು ತಿರುಗಿಸಿ ನೋಡುವುದು ಇದಕ್ಕಾಗಿಯೇ. ಇನ್ನೊಂದು ಕಷ್ಟವು ನಮ್ಮ ಶುಚಿತ್ವದಿಂದ ಬಂದುದು. ದೇವರ ಮುಂದಿಡುವ ಬೆಳ್ಳಿಯನ್ನು ಹಬ್ಬಕ್ಕೆ ಮೊದಲು ಹುಣಸೆಹುಳಿ ಹಾಕಿ ತಿಕ್ಕಿ ಬೆಳಗುವುದು ನಮ್ಮ ಮನೆಗಳ ಸಂಪ್ರದಾಯ. ಭಕ್ತಿಯ ದೃಷ್ಟಿಯಿಂದ ಅದು ಉಚಿತವೇ. ಸಂಗ್ರಾಹಕನ ದೃಷ್ಟಿಯಿಂದ ಅದು ವಿನಾಶ. ನೂರು ವರ್ಷಗಳ ಕಾಲ ಮೆಲ್ಲನೆ ಕಟ್ಟಿದ ಬಣ್ಣವು ಒಂದು ಬೆಳಗಿನಲ್ಲಿ ಹೋಗುತ್ತದೆ, ರಾಜನ ಕೂದಲಿನ ಎಳೆಗಳು ಸವೆದುಹೋಗುತ್ತವೆ. ಅಂತೆಯೇ ಸರದಲ್ಲಿ ಪೋಣಿಸುವುದಕ್ಕಾಗಿ ಆಚಾರಿಯ ಕೈಯಿಂದ ಕುಣಿಕೆಯನ್ನು ಬೆಸೆಯಿಸಿದ ಪವನು, ಆ ಕುಣಿಕೆಯನ್ನು ಎಷ್ಟು ಜಾಣತನದಿಂದ ತೆಗೆದರೂ, ಬಂಗಾರದ ತೂಕಕ್ಕೆ ಹೋಗುವುದೇ ಹೊರತು ನಾಣ್ಯದ ಬೆಲೆಗೆ ಹೋಗುವುದಿಲ್ಲ. ಮನೆಯವರಿಗೆ ಹೊಳೆಯುವುದು ಚೆಂದ, ವ್ಯಾಪಾರಿಗೆ ಮಂಕಾದುದು ಚೆಂದ; ಚೌಕಾಸಿಯ ಅರ್ಧ ಮನಸ್ತಾಪವು ಹುಟ್ಟುವುದು ಇಲ್ಲಿಯೇ.

ನಮ್ಮ ಊರಿಗೆ ಈ ವ್ಯವಹಾರವು ಹೊಸದೇನೂ ಅಲ್ಲ. ಹೆರಾತಿನ ಸುಲ್ತಾನ ಶಾರುಖನ ರಾಯಭಾರಿಯಾದ ಅಬ್ದುರ್ ರಜಾಕನು 1443ರಲ್ಲಿ ಕೋಯಿಕ್ಕೋಡಿನಿಂದ ಹಡಗಿನಲ್ಲಿ ಮಂಗಳೂರಿಗೆ ಬಂದಿಳಿದು, ಇಲ್ಲಿಂದ ಘಟ್ಟವನ್ನೇರಿ ವಿಜಯನಗರಕ್ಕೆ ಹೋದನು. ಅವನು ಬರೆದಿಟ್ಟ ವಿವರದಂತೆ, ವರಾಹವೆಂಬ ಚಿನ್ನದ ನಾಣ್ಯ, ಅದರ ಅರ್ಧಕ್ಕೆ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಭಾಗಕ್ಕೆ ಹಣ, ಹಣದ ಆರನೆಯ ಒಂದು ಭಾಗಕ್ಕೆ ಬೆಳ್ಳಿಯ ತಾರ, ತಾರದ ಮೂರನೆಯ ಒಂದು ಭಾಗಕ್ಕೆ ತಾಮ್ರದ ಜೀತಲ್ ಎಂಬ ವ್ಯವಸ್ಥೆಯಿತ್ತು. ಇದು ಸಾಲದೆಂಬಂತೆ ಅಂದಿನ ಶಾಸನಗಳಲ್ಲಿ ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣ ಎಂದು ಊರಿನ ಹೆಸರನ್ನು ಸೇರಿಸಿಯೇ ಲೆಕ್ಕ ಹೇಳಿದ್ದಾರೆ. ಇಷ್ಟು ಬಗೆಯ ನಾಣ್ಯಗಳು ಒಂದು ಬಂದರಿನಲ್ಲಿ ಸೇರಿದಾಗ, ತೂಗಿ, ಒರೆಗೆ ಹಚ್ಚಿ, ವಾದಿಸಿ ಬೆಲೆ ಕಟ್ಟುವ ಚಿನಿವಾರನಿಲ್ಲದೆ ಮೆಣಸೂ ಅಕ್ಕಿಯೂ ಕೈ ಬದಲಾಯಿಸುವಂತಿರಲಿಲ್ಲ. ಅದಕ್ಕೂ ಬಹಳ ಹಿಂದೆ ಕೌಟಿಲ್ಯನು ನಾಣ್ಯಪರೀಕ್ಷೆಗೆಂದೇ ರೂಪದರ್ಶಕನೆಂಬ ಅಧಿಕಾರಿಯನ್ನು ವಿಧಿಸಿದ್ದನಷ್ಟೆ. 1835ರಲ್ಲಿ ಈಸ್ಟ್ ಇಂಡಿಯಾ ಕುಂಪಣಿಯವರು ತಮ್ಮ ಆಳ್ವಿಕೆಯ ಸೀಮೆಗೆಲ್ಲ ಒಂದೇ ತೂಕದ ರೂಪಾಯಿಯನ್ನು ತಂದ ಮೇಲೆ ಆ ವಿದ್ಯೆಯು ಕ್ರಮೇಣ ಬೇಡವಾಯಿತು. ಇಂದು ಪ್ರದರ್ಶನದ ಮೇಜಿನ ಮುಂದೆ ಭೂತಗನ್ನಡಿ ಹಿಡಿದು ನಿಂತ ಹುಡುಗನು ಆ ಮರೆತ ವಿದ್ಯೆಯನ್ನು ಮತ್ತೆ ಮೊದಲಿನಿಂದ ಕಲಿಯುತ್ತಿದ್ದಾನೆ. ಅವನು ಐವತ್ತು ರೂಪಾಯಿ ಉಳಿಸಿಕೊಳ್ಳುವುದನ್ನು ನೋಡಿ ನನಗೆ ಸಂತೋಷವಾಗುತ್ತದೆ.

ಕಾಲವೂ ಚೌಕಾಸಿಯಲ್ಲಿ ಒಬ್ಬ ಪಾಲುದಾರ. ನಮ್ಮ ಬಂದರಿನ ಧಕ್ಕೆಯಲ್ಲಿ ಬೆಳಗಿನ ಬಂಗುಡೆಯ ಬುಟ್ಟಿಗೆ ಹೇಳಿದ ಬೆಲೆಯು ಹೊತ್ತೇರಿದಂತೆ ಇಳಿಯುವುದನ್ನು ಎಲ್ಲರೂ ಬಲ್ಲರು, ಮೀನು ಕಾಯುವುದಿಲ್ಲ. ನಾಣ್ಯವು ಕೆಡುವಂಥದಲ್ಲ, ಮುಂದಿನ ವರ್ಷಕ್ಕೂ ಅದು ಹಾಗೆಯೇ ಇರುತ್ತದೆ. ಆದುದರಿಂದ ಮೊದಲ ದಿನದ ಮಧ್ಯಾಹ್ನದಲ್ಲಿ ವ್ಯಾಪಾರಿಯನ್ನು ಅಲುಗಾಡಿಸುವುದು ದುಸ್ಸಾಧ್ಯ. ಅವನು ಸಡಿಲುವ ಹೊತ್ತುಗಳು ಎರಡು. ಬೆಳಗ್ಗೆ ಬೋಣಿಯಾಗುವ ಮೊದಲು ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸಲು ಅವನಿಗೆ ಮನಸ್ಸು ಬಾರದು. ಕಡೆಯ ದಿನದ ಸಂಜೆ, ರಾತ್ರಿಯ ಬಸ್ಸಿಗೆ ಪೆಟ್ಟಿಗೆ ಕಟ್ಟುವಾಗ, ಮೇಜಿನ ಬಾಡಿಗೆ, ಕೋಣೆಯ ಬಾಡಿಗೆ, ಪ್ರಯಾಣದ ವೆಚ್ಚ ಇವು ಹುಟ್ಟಿದವೋ ಇಲ್ಲವೋ ಎಂದು ಅವನು ಮನಸ್ಸಿನಲ್ಲಿಯೇ ಕೂಡಿಸುತ್ತಿರುವಾಗ, ಹಿಂದಿನ ದಿನ ಒಪ್ಪದ ಬೆಲೆಗೆ ಒಪ್ಪುವುದುಂಟು. ಆದರೆ ಆಗ ಉಳಿದಿರುವುದು ಇತರರು ನೋಡಿ ಬಿಟ್ಟುದು. ಉತ್ತಮವಾದುದು ಬೇಕಾದವರು ಮೊದಲು ಬಂದು ಹೆಚ್ಚು ಕೊಡುತ್ತಾರೆ, ಕಡಿಮೆ ಬೆಲೆ ಬೇಕಾದವರು ಕಡೆಯಲ್ಲಿ ಬಂದು ಉಳಿದುದನ್ನು ಒಯ್ಯುತ್ತಾರೆ. ಇದರಲ್ಲಿ ಯಾರಿಗೂ ಅನ್ಯಾಯವಿಲ್ಲ.

ಎಲ್ಲರಿಗೂ ಮೊದಲ ಮಾತಿನಲ್ಲಿ ಒಂದೇ ಬೆಲೆಯನ್ನು ಹೇಳುತ್ತಾರೆಯೆ? ಈ ಪ್ರಶ್ನೆಯನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾನ್ ಲಿಸ್ಟ್ ಎಂಬಾತನು ನೇರವಾಗಿ ಪರೀಕ್ಷೆಗೆ ಒಡ್ಡಿದನು. ಆ ದೇಶದಲ್ಲಿ ಆಟಗಾರರ ಚಿತ್ರವಿರುವ ಚೀಟಿಗಳನ್ನು ಸಂಗ್ರಹಿಸುವ ಹವ್ಯಾಸವು ವಿಪುಲವಾಗಿದೆ. ಅವುಗಳ ಪ್ರದರ್ಶನಗಳಲ್ಲಿ ನಮ್ಮಲ್ಲಿಯಂತೆಯೇ ಮೇಜುಗಳು, ವ್ಯಾಪಾರಿಗಳು, ಚೌಕಾಸಿ. ಬೇರೆ ಬೇರೆ ಬಗೆಯ ಜನರನ್ನು ಅದೇ ಬಗೆಯ ಚೀಟಿಯನ್ನು ಕೊಳ್ಳಲೂ ಮಾರಲೂ ಆ ಮೇಜುಗಳಿಗೆ ಕಳುಹಿಸಿ, 2004ರಲ್ಲಿ ಅವನು ಪ್ರಕಟಿಸಿದ ಫಲಿತಾಂಶವು ಇದು: ಬಿಳಿಯ ತರುಣರಿಗೆ ದೊರೆತ ಬೆಲೆಗಿಂತ ಹೆಂಗಸರಿಗೂ, ವಯಸ್ಸಾದವರಿಗೂ, ಬಿಳಿಯರಲ್ಲದವರಿಗೂ ವ್ಯಾಪಾರಿಗಳು ಮೊದಲು ಹೇಳಿದ ಬೆಲೆಯು ಪ್ರತಿಕೂಲವಾಗಿತ್ತು. ಅನುಭವವುಳ್ಳವರು ಕಡೆಗೆ ಹೆಚ್ಚುಕಡಿಮೆ ಸಮಾನವಾದ ಬೆಲೆಗೆ ಬಂದು ಮುಟ್ಟುತ್ತಿದ್ದರು, ಆದರೆ ಅದಕ್ಕಾಗಿ ಅವರು ಹೆಚ್ಚು ಹೊತ್ತು ವಾದಿಸಬೇಕಾಗುತ್ತಿತ್ತು. ವ್ಯಾಪಾರಿಗಳಲ್ಲಿ ದ್ವೇಷವಿತ್ತೆಂದು ಅವನು ಹೇಳಲಿಲ್ಲ; ಎದುರಿಗೆ ಬಂದವರ ರೂಪವನ್ನು ನೋಡಿ, ಇವರು ಎಂಥ ಬೆಲೆಗೆ ಒಪ್ಪಬಹುದು ಎಂದು ಅವರು ಮೊದಲೇ ಊಹಿಸುತ್ತಿದ್ದರು.

ನಮ್ಮಲ್ಲಿ ಆ ಊಹೆಯು ಬೇರೆ ವೇಷದಲ್ಲಿ ಬರುತ್ತದೆ. ಸೀರೆಯುಟ್ಟು ಒಬ್ಬರೇ ಬಂದ ಮಹಿಳೆಯನ್ನು ಸಂಗ್ರಾಹಕಿಯೆಂದು ಎಷ್ಟು ಜನ ವ್ಯಾಪಾರಿಗಳು ಭಾವಿಸುತ್ತಾರೆ? “ಏನಮ್ಮ, ಮನೆಯಲ್ಲಿ ಹಳೇ ನಾಣ್ಯ ಇದೆಯಾ?” ಎಂದೇ ಅವರನ್ನು ಕೇಳುತ್ತಾರೆ. ಸಮವಸ್ತ್ರ ತೊಟ್ಟ ವಿದ್ಯಾರ್ಥಿಗೆ ಕಾಸಿನ ರಾಶಿಯನ್ನು ತೋರಿಸುತ್ತಾರೆ, ಆಲ್ಬಂ ಬಿಚ್ಚುವುದಿಲ್ಲ. ಚೌಕಾಸಿಯನ್ನು ಸಮರ್ಥಿಸುವ ನನ್ನಂಥವರು ಉತ್ತರ ಹೇಳಲೇಬೇಕಾದ ಆಕ್ಷೇಪವಿದು. ನನ್ನ ಉತ್ತರವು ಒಂದೇ: ಹೋಲ್ಡರಿನ ಮೇಲೆ ಬೆಲೆಯನ್ನು ಬರೆದಿಡಬೇಕು. ಬರೆದ ಬೆಲೆಯಿಂದ ಕೆಳಕ್ಕೆ ವಾದವು ನಡೆಯಲಿ. ಆದರೆ ಆರಂಭವು ಎಲ್ಲರಿಗೂ ಒಂದೇ ಆಗಿರಲಿ. ಹೋಲ್ಡರಿನ ಮೇಲೆ ಬರಿಯ ಗುರುತಿನ ಅಕ್ಷರಗಳನ್ನು ಹಾಕಿ, ಮುಖವನ್ನು ನೋಡಿ ಬಾಯಲ್ಲಿ ಬೆಲೆ ಹೇಳುವ ಪದ್ಧತಿಯನ್ನು ಪ್ರದರ್ಶನದ ವ್ಯವಸ್ಥಾಪಕರು ಮೇಜನ್ನು ಬಾಡಿಗೆಗೆ ಕೊಡುವಾಗಲೇ ನಿಷೇಧಿಸಬಹುದು.

ಇನ್ನು ಕೊಳ್ಳುವವರಲ್ಲ, ಮಾರಲು ಬರುವವರು. ನನ್ನ ಮನಸ್ಸನ್ನು ಹೆಚ್ಚಾಗಿ ಕಾಡಿದ ವಿಷಯವು ಇದು. ಒಂದು ಪ್ರದರ್ಶನದಲ್ಲಿ ಮೂಡುಬಿದಿರೆಯ ಕಡೆಯಿಂದ ಬಂದಿದ್ದ ವೃದ್ಧೆಯೊಬ್ಬರು ಬಿಸ್ಕತ್ತಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟರು. ಗಂಡ ತೀರಿಹೋಗಿದ್ದರು, ಡಬ್ಬಿಯಲ್ಲಿ ಅವರು ಇಟ್ಟುಹೋದ ರೂಪಾಯಿಗಳು, ಅರ್ಧ ರೂಪಾಯಿಗಳು, ಪಾವಲಿಗಳು, ತಳದಲ್ಲಿ ಯುದ್ಧಕಾಲದ ಒಂದಷ್ಟು ಒಟ್ಟೆ ಮುಕ್ಕಾಲುಗಳು. ವ್ಯಾಪಾರಿಯು ಬೆಳ್ಳಿಯದನ್ನೆಲ್ಲ ತಕ್ಕಡಿಗೆ ಸುರಿದು, ಬೆಳ್ಳಿಯ ತೂಕದಂತೆ ಒಂದು ಮೊತ್ತವನ್ನು ಹೇಳಿದನು. ಲೆಕ್ಕದಲ್ಲಿ ಸುಳ್ಳಿರಲಿಲ್ಲ. ಆದರೆ ಸುರಿಯುವ ಮೊದಲು ಅವನ ಬೆರಳು ಒಂದು ರೂಪಾಯಿಯ ಬಳಿ ನಿಂತುದನ್ನು ಪಕ್ಕದಲ್ಲಿದ್ದ ಇನ್ನೊಬ್ಬ ಗಿರಾಕಿಯು ಕಂಡಿದ್ದನು. ಅವನು ಮುಂದೆ ಬಂದು, “ಅಮ್ಮ, ಕೊಡುವ ಮೊದಲು ಆ ಒಂದನ್ನು ಬೇರೆ ಇಡಿ” ಎಂದನು. ಅದು 1911ರ ರೂಪಾಯಿ.

ಆ ರೂಪಾಯಿಯ ಕಥೆಯನ್ನು ಹೇಳಬೇಕು. ಐದನೆಯ ಜಾರ್ಜ್ ದೊರೆಯ ಹೆಸರಿನಲ್ಲಿ ಹೊರಟ ಮೊದಲನೆಯ ರೂಪಾಯಿಯಲ್ಲಿ, ದೊರೆಯ ನಿಲುವಂಗಿಯ ಮೇಲಣ ಪದಕಮಾಲೆಯಲ್ಲಿ ಕೆತ್ತಿದ್ದ ಆನೆಯ ಸೊಂಡಿಲು ಗಿಡ್ಡವಾಗಿ, ನೋಡುವವರಿಗೆ ಹಂದಿಯಂತೆ ಕಂಡಿತು. ಜನರಲ್ಲಿ ಅಸಮಾಧಾನವೆದ್ದಿತು, ಸರ್ಕಾರವು ಉಳಿದ ನಾಣ್ಯಗಳನ್ನು ಹೊರಬಿಡದೆ ಕರಗಿಸಿ, 1912ರ ನಾಣ್ಯದಲ್ಲಿ ಆನೆಯನ್ನು ತಿದ್ದಿಸಿತು. ಹೀಗಾಗಿ ಅದೇ ತೂಕದ, ಅದೇ ಬೆಳ್ಳಿಯ ರೂಪಾಯಿಗಳ ನಡುವೆ 1911ರದಕ್ಕೆ ಮಾತ್ರ ಅನೇಕ ಪಟ್ಟು ಬೆಲೆ. ಆ ವೃದ್ಧೆಗೆ ಇದು ತಿಳಿದಿರಲಿಲ್ಲ, ತಿಳಿದಿರಬೇಕಾದ ಕಾರಣವೂ ಇರಲಿಲ್ಲ. ಅವರು ಚೌಕಾಸಿಯನ್ನೂ ಮಾಡಿದ್ದರು. ತೂಕದ ದರದ ಮೇಲೆ ನೂರು ರೂಪಾಯಿ ಹೆಚ್ಚು ಕೇಳಿದ್ದರು, ವ್ಯಾಪಾರಿಯು ಔದಾರ್ಯದಿಂದ ಒಪ್ಪಿಕೊಂಡಿದ್ದನು. ಆ ಒಪ್ಪಿಗೆಯೇ ನನಗೆ ಅತ್ಯಂತ ಕ್ರೂರವಾಗಿ ತೋರಿತು. ಸರಕಿನಲ್ಲಿ ದೋಷವಿದ್ದರೆ ಮಾರುವವನು ಹೇಳಬೇಕೆಂದು ನಾವು ನಿರೀಕ್ಷಿಸುತ್ತೇವೆ. ಸರಕಿನಲ್ಲಿ ಗುಣವಿದ್ದು, ಮಾರುವವನು ಅದನ್ನರಿಯದ ಸಾಮಾನ್ಯ ಗೃಹಸ್ಥನಾಗಿದ್ದರೆ, ಕೊಳ್ಳುವ ವ್ಯಾಪಾರಿಯು ಅದನ್ನು ಹೇಳಬೇಕೆಂಬ ನಿರೀಕ್ಷೆಯೂ ನಮ್ಮಲ್ಲಿ ಅಷ್ಟೇ ದೃಢವಾಗಿರಬೇಕು. ವ್ಯಾಪಾರಿಯ ಲಾಭಕ್ಕೆ ಅದರಿಂದ ಭಂಗವಿಲ್ಲ. ಕೌಟಿಲ್ಯನು ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು ಎಂದು ಲಾಭವನ್ನು ಗೊತ್ತುಮಾಡಿದನು, ನಾವು ಇಂದಿನ ವೆಚ್ಚಗಳನ್ನು ನೋಡಿ ಅದರ ಐದಾರು ಪಟ್ಟನ್ನು ಬೇಕಾದರೂ ಒಪ್ಪೋಣ. ಅಜ್ಞಾನದಿಂದ ಬಂದ ಲಾಭವು ಮಾತ್ರ ಲಾಭದ ಲೆಕ್ಕಕ್ಕೆ ಸೇರತಕ್ಕದ್ದಲ್ಲ.

ವ್ಯಾಪಾರಿಗಳ ಪಕ್ಷದ ಮಾತನ್ನೂ ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ಪ್ರತಿಯೊಂದು ಪ್ರದರ್ಶನದಲ್ಲಿಯೂ ಅವರ ಮುಂದೆ ಬರುವವರಲ್ಲಿ ಒಂದು ದೊಡ್ಡ ಪಾಲು, ಸಾಮಾನ್ಯ ವಸ್ತುವಿಗೆ ಲಕ್ಷಗಟ್ಟಲೆ ಕೇಳುವವರದು. 786 ಎಂಬ ಸಂಖ್ಯೆಯುಳ್ಳ ನೋಟು, ವೈಷ್ಣೋದೇವಿಯ ಚಿತ್ರವಿರುವ 2012ರ ಹತ್ತು ರೂಪಾಯಿಯ ನಾಣ್ಯ, ಇವುಗಳಿಗೆ ಅಪಾರ ಬೆಲೆಯುಂಟೆಂಬ ವದಂತಿಯನ್ನು ನಂಬಿ, ಸಾಲ ತೀರಿಸುವ ಆಸೆಯಿಂದ ಬಂದ ಬಡವರು ನಿರಾಶರಾಗಿ ಹಿಂದಿರುಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಇಂಥ ಕೊಡುಕೊಳ್ಳುವಿಕೆಗೆ ತನ್ನ ಹೆಸರನ್ನು ಬಳಸಿಕೊಂಡು ಶುಲ್ಕವನ್ನೂ ಕಮಿಷನ್ನನ್ನೂ ಕೇಳುವ ವಂಚಕರಿದ್ದಾರೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆಯನ್ನು ಹೊರಡಿಸಬೇಕಾಯಿತು. ಇನ್ನು, ಒಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕುಂಪಣಿಯ ಹೆಸರು ಮತ್ತು 1818 ಎಂಬ ವರ್ಷ, ಇನ್ನೊಂದು ಬದಿಯಲ್ಲಿ ಸೀತಾರಾಮಲಕ್ಷ್ಮಣರು ಅಥವಾ ಹನುಮಂತ, ಹೀಗಿರುವ ತಾಮ್ರದ ಬಿಲ್ಲೆಗಳನ್ನು ದೇವರಕೋಣೆಯಿಂದ ಭಕ್ತಿಯಿಂದ ತರುವವರು ಅನೇಕರು. ಕುಂಪಣಿಯು ಅಂಥ ನಾಣ್ಯವನ್ನು ಎಂದೂ ಹೊರಡಿಸಲಿಲ್ಲ. ಅವು ಈಚೆಗೆ ಮಾಡಿದ ಬಿಲ್ಲೆಗಳು. ಪೂಜೆಗೆ ಅವು ಇರಲಿ, ಮಾರುಕಟ್ಟೆಗೆ ಬರಬೇಕಾಗಿಲ್ಲ. ತನ್ನದೆಂಬ ವಸ್ತುವಿಗೆ ಮನುಷ್ಯನು ಹೆಚ್ಚು ಬೆಲೆ ಕಟ್ಟುವುದು ಸ್ವಭಾವವೇ. ಅದೇ ಲಿಸ್ಟನು 2003ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ, ಆಗತಾನೆ ಕೈಗೆ ಬಂದ ವಸ್ತುವನ್ನು ಸಮಾನ ಬೆಲೆಯ ಬೇರೊಂದಕ್ಕೆ ಬದಲಾಯಿಸಿಕೊಳ್ಳಲು ಹೊಸಬರು ಹಿಂಜರಿದರು, ಪಳಗಿದವರು ಅಷ್ಟು ಹಿಂಜರಿಯಲಿಲ್ಲ. ಹಾಗಿರುವಾಗ ಅಜ್ಜನ ಪೆಟ್ಟಿಗೆಯಿಂದ ಬಂದುದನ್ನು ಕುರಿತು ಹೇಳುವುದೇನು?

ಚೌಕಾಸಿಯನ್ನೇ ಕಿತ್ತೊಗೆದು ಎಲ್ಲಕ್ಕೂ ನಿಗದಿತ ದರವನ್ನು ಇಡಬಾರದೇಕೆ ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನ ಕ್ವೇಕರ್ ಪಂಥದವರು ಹದಿನೇಳನೆಯ ಶತಮಾನದಲ್ಲಿಯೇ, ಕೊಡುವ ಇಚ್ಛೆಯಿಲ್ಲದ ಬೆಲೆಯನ್ನು ಬಾಯಲ್ಲಿ ಹೇಳುವುದು ಅಸತ್ಯವೆಂದು ಭಾವಿಸಿ, ತಮ್ಮ ಅಂಗಡಿಗಳಲ್ಲಿ ಒಂದೇ ಮಾತಿನ ವ್ಯಾಪಾರವನ್ನು ಆಚರಿಸಿದರು. ಆ ನಿಷ್ಠೆಗೆ ನಾನು ತಲೆಬಾಗುತ್ತೇನೆ. ಬಟ್ಟೆಗೂ ಸಕ್ಕರೆಗೂ ಅದು ಸರಿ. ಆದರೆ ಒಂದರಂತೆ ಇನ್ನೊಂದಿರದ ವಸ್ತುಗಳಿಗೆ ದರಪಟ್ಟಿಯನ್ನು ಬರೆಯುವವರು ಯಾರು? ಅಚ್ಚಾದ ಬೆಲೆಪಟ್ಟಿಗಳಲ್ಲಿ ಮುದ್ರಿಸಿದ ಮೊತ್ತಕ್ಕೂ ಮೇಜಿನ ಮೇಲಿನ ಮೊತ್ತಕ್ಕೂ ಇರುವ ಅಂತರವನ್ನು ಸಂಗ್ರಾಹಕರೆಲ್ಲರೂ ಬಲ್ಲರು. ಬೇಕಾದುದು ಚೌಕಾಸಿಗೆ ಮೊದಲಿನ ವಿದ್ಯೆ, ಅದಕ್ಕೆ ನಮ್ಮೂರಿನಲ್ಲಿ ಅನುಕೂಲಗಳಿಲ್ಲದಿಲ್ಲ. ಬಿಜೈಯಲ್ಲಿ 1960ರಿಂದ ಇರುವ ಶ್ರೀಮಂತಿಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ, 1913ರಲ್ಲಿ ಫಾದರ್ ಕಿಯಾಪಿಯವರ ಶ್ರಮದಿಂದ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನ ಸಂಗ್ರಹಾಲಯ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆಯಲ್ಲಿ ಅವರೇ ಸ್ಥಾಪಿಸಿದ ಬ್ಯಾಂಕಿನವರು ವ್ಯವಸ್ಥೆಗೊಳಿಸಿದ ನಾಣ್ಯಸಂಗ್ರಹಾಲಯ, ಇವುಗಳಲ್ಲಿ ನಾಣ್ಯಗಳನ್ನು ಕಾಣಬಹುದು. ಡಾ. ಎ. ವಿ. ನರಸಿಂಹಮೂರ್ತಿಯವರಂಥ ವಿದ್ವಾಂಸರು ಕರ್ನಾಟಕದ ನಾಣ್ಯಗಳನ್ನು ಕುರಿತು ಗ್ರಂಥಗಳನ್ನು ಬರೆದಿದ್ದಾರೆ. ಗಾಜಿನ ಹಿಂದಿರುವುದನ್ನು ಮಾರಬೇಕೆಂಬ ಆತುರವು ಯಾರಿಗೂ ಇಲ್ಲದಿರುವಲ್ಲಿ ಕಣ್ಣು ಚೆನ್ನಾಗಿ ಕಲಿಯುತ್ತದೆ.

ಕಡೆಯದಾಗಿ, ಈ ಎಲ್ಲ ಚೌಕಾಸಿಯಲ್ಲಿ ಸಾಮಾನ್ಯವಾಗಿ ಯಾರೂ ಕೇಳದ ಒಂದು ಪ್ರಶ್ನೆಯನ್ನು ಹೇಳುತ್ತೇನೆ. ತುಳುನಾಡನ್ನಾಳಿದ ಆಳುಪರ ಚಿನ್ನದ ಹಣಗಳು ಆಗಾಗ ಇಂಥ ಮೇಜುಗಳಿಗೆ ಬರುತ್ತವೆ. ಒಂದು ಬದಿಯಲ್ಲಿ ಛತ್ರದ ಕೆಳಗೆ ಎರಡು ಮೀನುಗಳು, ಇನ್ನೊಂದು ಬದಿಯಲ್ಲಿ ಶ್ರೀ ಪಾಂಡ್ಯ ಧನಂಜಯ ಎಂಬ ಬರಹ. ತೂಕವು ಅರ್ಧ ಗ್ರಾಮಿಗಿಂತ ಕಡಿಮೆ, ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುವಷ್ಟು ಹಗುರ. ಅದರ ಮೇಲೆ ಗಂಟೆಗಟ್ಟಲೆ ವಾದ ನಡೆಯುತ್ತದೆ: ಚಿನ್ನದ ಬಣ್ಣ, ಮೀನಿನ ಕಣ್ಣು, ಅಕ್ಷರದ ಸವೆತ. ಇದು ಎಲ್ಲಿ ಸಿಕ್ಕಿತು ಎಂದು ಮಾತ್ರ ಕೊಳ್ಳುವವರು ಕೇಳುವುದಿಲ್ಲ, ಮಾರುವವರು ಹೇಳುವುದಿಲ್ಲ. ಮಣ್ಣಿನಡಿಯಲ್ಲಿ ನಿಧಿ ದೊರೆತರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನುಂಟು. ನೂರು ವರ್ಷಕ್ಕೆ ಮೇಲ್ಪಟ್ಟ ವಸ್ತುವು ಪುರಾವಸ್ತುವೆಂದೂ ಅದನ್ನು ದೇಶದ ಹೊರಕ್ಕೆ ಒಯ್ಯಕೂಡದೆಂದೂ 1972ರ ಶಾಸನವು ಹೇಳುತ್ತದೆ. ಗದ್ದೆ ಅಗೆಯುವಾಗ ಸಿಕ್ಕಿದುದೆಂಬ ಪಿಸುಮಾತು ಕೇಳಿದರೆ ಅಲ್ಲಿಗೆ ಚೌಕಾಸಿಯನ್ನು ನಿಲ್ಲಿಸತಕ್ಕದ್ದು. ಹಳೆಯ ಸಂಗ್ರಹವೊಂದರಿಂದ ಬಂದುದಾದರೆ, ಬಾರಕೂರಿನ ಕಡೆಯ ಮನೆಯೋ, ಉದ್ಯಾವರದ ಕಡೆಯದೋ, ಘಟ್ಟದ ಮೇಲಿನದೋ ಎಂಬುದನ್ನು ಕೇಳಿ ತಿಳಿದು, ವ್ಯಾಪಾರಿಯ ಹೆಸರನ್ನೂ ದಿನಾಂಕವನ್ನೂ ಕೊಟ್ಟ ಬೆಲೆಯನ್ನೂ ಹೋಲ್ಡರಿನ ಹಿಂಬದಿಯಲ್ಲಿ ಎರಡು ಸಾಲುಗಳಲ್ಲಿ ಬರೆದಿಡಬೇಕು. ಆಳುಪರ ಹಣವು ಎಷ್ಟು ದೂರದವರೆಗೆ ಚಲಾವಣೆಯಲ್ಲಿತ್ತೆಂಬುದನ್ನು ಮುಂದೆ ಯಾರಾದರೂ ಸಂಶೋಧಕರು ನಿರ್ಣಯಿಸಬೇಕಾದರೆ, ಅವರಿಗೆ ಆಧಾರವಾಗುವುದು ಆ ಎರಡು ಸಾಲುಗಳೇ. ಆ ದಿನ ನೂರು ರೂಪಾಯಿ ಕಡಿಮೆ ಮಾಡಿಸಿಕೊಳ್ಳುವುದಕ್ಕಿಂತ ಆ ಎರಡು ಸಾಲುಗಳನ್ನು ಹೇಳಿಸಿಕೊಳ್ಳುವುದಕ್ಕಾಗಿ ವ್ಯಾಪಾರಿಯೊಡನೆ ಇನ್ನೂ ಸ್ವಲ್ಪ ಹೊತ್ತು ನಿಂತು ಮಾತನಾಡಿ.